ದೀಪ ಹಚ್ಚೋ ಹೊತ್ತಿನಲ್ಲಿ ಮಲಗಿದರೆ ಮನೆ ಮುಳುಗುತ್ತದೆಯೇ?

ಹಿರಿಯೂರಿನಿಂದ ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಹರಿಯಬ್ಬೆಯಲ್ಲಿ ಇಳಿಯುವವರನ್ನು ನೋಡಿ. ಒಬ್ಬರ ಕೈ ಸೊಂಟದ ಮೇಲೆ, ಇನ್ನೊಬ್ಬರದು ಕತ್ತಿನ ಮೇಲೆ. ಬೆಳಗಿನಿಂದ ಗಲ್ಲಾದ ಮುಂದೆ ಕೂತ ಅಂಗಡಿಯವರ ಪಾಡೂ ಅಷ್ಟೆ, ಕಾಲು ಊದಿ ಚಪ್ಪಲಿ ಬಿಗಿಯಾಗಿರುತ್ತದೆ. ಇವರಿಗೆ ಯೋಗ ಮಾಡಿ ಅಂದರೆ ‘ಮೈ ಬಗ್ಗೋ ವಯಸ್ಸೇನ್ರೀ ಇದು?’ ಅಂತ ನಕ್ಕುಬಿಡುತ್ತಾರೆ. ತಪ್ಪು ಅವರದಲ್ಲ. 2015ರಿಂದ ಜೂನ್ 21 ಬಂತೆಂದರೆ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ, ಫೋಟೊ ಹೊಡೆಸಿ, ಯೋಗ ಅಂದರೆ ಬರೀ ಕಸರತ್ತು ಅನ್ನುವ ಹಾಗೆ ಮಾಡಿಟ್ಟಿದ್ದಾರೆ.

ಸುಮ್ಮನೆ ಮಲಗುವುದೂ ಯೋಗವೇ ಕಣ್ರೀ. 15ನೇ ಶತಮಾನದ ‘ಹಠಯೋಗ ಪ್ರದೀಪಿಕೆ’ ಶವಾಸನವನ್ನು ಹೇಳಿರುವುದೇ ದಣಿವು ಕಳೆಯುವುದಕ್ಕೆ, ಮನಸ್ಸಿಗೆ ವಿಶ್ರಾಂತಿ ಕೊಡುವುದಕ್ಕೆ. ಈಗ ದೊಡ್ಡ ಪಟ್ಟಣಗಳಲ್ಲಿ ಇಂಥದಕ್ಕೇ ‘ರೆಸ್ಟೋರೇಟಿವ್ ಯೋಗ’ ಅಂತ ಹೆಸರಿಟ್ಟು ಫೀಸು ಎಣಿಸಿಕೊಳ್ಳುತ್ತಾರೆ.

ಸೋಜಿಗವೆಂದರೆ ಇದರ ಒಂದು ಬೇರು ಇದೇ ಜಿಲ್ಲೆಯಲ್ಲಿದೆ. 1930ರ ದಶಕದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿ ಯೋಗಶಾಲೆ ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರು 1888ರಲ್ಲಿ ಹುಟ್ಟಿದ್ದು ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ಅವರಲ್ಲಿ ಕಲಿತ ಕೋಲಾರ ಜಿಲ್ಲೆ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಚಿಕ್ಕಂದಿನಲ್ಲಿ ಮಲೇರಿಯ, ಟೈಫಾಯಿಡ್, ಕ್ಷಯ ಅಂತ ನರಳಿದವರು. ಕಾಯಿಲೆಯ ಮೈ ಎಂಥದ್ದೆಂದು ಬಲ್ಲವರಾದ್ದರಿಂದಲೋ ಏನೋ, ದಿಂಬು, ಕುರ್ಚಿ, ಹಗ್ಗ, ಕಂಬಳಿಯ ಆಸರೆ ಕೊಟ್ಟು ಆಸನ ಹಾಕಿಸಿದರು. ಅಮೆರಿಕದ ಶಿಷ್ಯೆ ಜೂಡಿತ್ ಲ್ಯಾಸೆಟರ್ ಅದನ್ನೇ ವಿಶ್ರಾಂತಿಯ ಯೋಗವಾಗಿ ಹರಡಿದರು. ಇತ್ತ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮೀಜಿ ಹಳ್ಳಿ ಹುಡುಗರಿಗೆ ಯೋಗ ಕಲಿಸಿದ್ದನ್ನು ಕಂಡವರು ಇನ್ನೂ ಇದ್ದಾರೆ. ಇಷ್ಟಿದ್ದೂ ಇಲ್ಲಿನವರಿಗೆ ಸೊಂಟನೋವಿನ ಮಾತ್ರೆಯೇ ಗತಿ!

ಮಾಡುವುದು ಬಹಳ ಸುಲಭ. ಗೋಡೆ ಪಕ್ಕ ಅಂಗಾತ ಮಲಗಿ ಎರಡೂ ಕಾಲನ್ನು ಗೋಡೆಗೆ ಒರಗಿಸುವುದು. ಸೊಂಟದಡಿ ಮಡಿಸಿದ ಕಂಬಳಿ, ಕಣ್ಣಿನ ಮೇಲೆ ಟವಲ್. ಉಸಿರು ಬಿಡುವುದು ಸ್ವಲ್ಪ ನಿಧಾನವಾದರೆ ಸಾಕು, ಎದೆಬಡಿತವೂ ತಗ್ಗುತ್ತದೆ, ಕಾಲಿನ ಭಾರವೂ ಇಳಿಯುತ್ತದೆ. ಹತ್ತು ನಿಮಿಷ. ಏಳುವಾಗ ಮಗ್ಗುಲಾಗಿ ಏಳಬೇಕು. ಬಿ.ಪಿ. ಹತೋಟಿಯಲ್ಲಿಲ್ಲದವರು, ಕಣ್ಣಿಗೆ ಗ್ಲಕೋಮಾ ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ಮಾಡಬಾರದು. ಎದೆನೋವಿನವರು ಕಂಬಳಿ ಹುಡುಕುತ್ತಾ ಕೂರದೆ ಆಸ್ಪತ್ರೆಗೆ ಓಡಬೇಕು.

ಅಸಲು ತೊಡಕು ಆಸನದ್ದಲ್ಲ, ಹೊತ್ತಿನದ್ದು. ಅಂಗಡಿ ಬಾಗಿಲು ಹಾಕಿ ಬಂದ ಗಂಡಸು ಮಂಚದ ಮೇಲೆ ಉರುಳಿದರೆ ‘ಪಾಪ, ದಣಿದವ್ರೆ’. ಅದೇ ಬಸ್ಸಿನಲ್ಲಿ ಜೋತಾಡಿ ಬಂದ ಸೊಸೆ ಗೋಡೆಗೆ ಕಾಲು ಚಾಚಿದರೆ? ‘ದೀಪ ಹಚ್ಚೋ ಹೊತ್ನಾಗೆ ಮಲಗ್ತೀಯೇನೇ, ಲಕ್ಷ್ಮಿ ಬತ್ತಾಳಾ ಮನೆಗೆ?’ ಕಸರತ್ತು ಮಾಡಲು ಅವಳಿಗೆ ಯಾರ ಅಪ್ಪಣೆಯೂ ಬೇಡ, ದಿನವಿಡೀ ಅದೇ ಮಾಡುತ್ತಾಳೆ. ಅಪ್ಪಣೆ ಬೇಕಾಗಿರುವುದು ಸುಮ್ಮನಿರುವುದಕ್ಕೆ. ದೀಪವನ್ನು ಅತ್ತೆಯೇ ಹಚ್ಚಲಿ, ಆ ಹತ್ತು ನಿಮಿಷ ಗಂಡ ಸೊಪ್ಪು ಸೋಸಲಿ.

ಮನೆಯಲ್ಲಿ ಆಗದು ಅನ್ನುವವರಿಗೆ ಊರಿನ ಯಾವುದಾದರೂ ಒಂದು ಕೋಣೆ ಸಂಜೆ ಅರ್ಧ ಗಂಟೆ ತೆರೆದಿದ್ದರಾಯಿತು. ಜೂನ್ 21ರ ಶಾಮಿಯಾನದ ಬಾಡಿಗೆಯಲ್ಲಿ ಒಂದಷ್ಟು ಕಂಬಳಿ ಬರುತ್ತವೆ. ಬೀಗದ ಕೈ ಯಾರ ಹತ್ತಿರ ಇರಬೇಕು ಅನ್ನುವ ಜಗಳವನ್ನು ಬೇಕಾದರೆ ಆಮೇಲೆ ಆಡಿಕೊಳ್ಳಲಿ.