ಗೇಮ್‌ನಲ್ಲಿ ಕತ್ತಿ ಮುರಿದರೆ ಮಜಾ ಹೆಚ್ಚುತ್ತಾ, ಇಲ್ಲಾ ಜೇಬು ಖಾಲಿಯಾಗುತ್ತಾ?

ಆಯುಧ ಪೂಜೆಯ ಹಿಂದಿನ ದಿನ ಮೈಸೂರಿನ ರಾಮಕೃಷ್ಣನಗರದ ಬೀದಿಗಳಲ್ಲಿ ನಡೆದರೆ ಸ್ಕೂಟರ್ ತೊಳೆಯುವವರು, ಸ್ಪ್ಯಾನರ್‌ಗೆ ಎಣ್ಣೆ ಹಚ್ಚುವವರು ಕಾಣುತ್ತಾರೆ. ಅಂಥ ಒಂದು ಮನೆಯ ಮುಂದೆ ಮೈನ್‌ಕ್ರಾಫ್ಟ್ ಆಡುತ್ತಿದ್ದ ಹುಡುಗನೊಬ್ಬ "ತಾತಾ, ನನ್ನ ಪಿಕಾಸಿ ಮುರಿದೋಯ್ತು" ಎಂದ. ತಾತ ಹಾರೆ ಒರೆಸುತ್ತಲೇ ಕೇಳಿದರು: "ಫೋನೊಳಗಿನ ಪಿಕಾಸಿಗೆ ತುಕ್ಕು ಹಿಡಿಯಲ್ಲ. ಅದ್ಯಾಕಪ್ಪಾ ಮುರೀಬೇಕು? ದುಡ್ಡು ಕೀಳೋಕಾ?"

ಇದೇ ಅನುಮಾನ ಎಷ್ಟೋ ಅಪ್ಪ-ಅಮ್ಮಂದಿರಿಗೂ ಇದೆ. ಆಟದಲ್ಲಿ ಆಯುಧ ಸವೆಯುವುದು, ಅದನ್ನು ರಿಪೇರಿ ಮಾಡಿಸುವುದು ಆಟದ ಸೊಗಸೋ, ದುಡ್ಡು ಕೀಳುವ ತಂತ್ರವೋ? ಬನ್ನಿ, ನೋಡೋಣ.

ಸವೆತ ಎಂದರೆ ಒಂದು ಲೆಕ್ಕ, ಅಷ್ಟೆ

ಆಟದೊಳಗಿನ ಪ್ರತಿ ಆಯುಧದ ಹಿಂದೆ ಒಂದು ಸಂಖ್ಯೆ ಇರುತ್ತದೆ. ಬಳಸಿದಂತೆಲ್ಲ ಅದು ಇಳಿಯುತ್ತದೆ. ಸೊನ್ನೆಯಾದರೆ ಆಯುಧ ಮುರಿಯುತ್ತದೆ, ಇಲ್ಲವೇ ಕೆಲಸಕ್ಕೆ ಬಾರದಂತಾಗುತ್ತದೆ. ಮೈನ್‌ಕ್ರಾಫ್ಟ್‌ನಲ್ಲಿ ಮರದ ಪಿಕಾಸಿಯಿಂದ ಸುಮಾರು 60 ಕಲ್ಲು ಒಡೆಯಬಹುದು, ಕಬ್ಬಿಣದ್ದರಿಂದ ಸುಮಾರು 250, ವಜ್ರದ್ದರಿಂದ 1,500ಕ್ಕೂ ಹೆಚ್ಚು. ಚಿನ್ನದ್ದು ವಜ್ರಕ್ಕಿಂತಲೂ ವೇಗವಾಗಿ ಅಗೆಯುತ್ತದೆ, ಆದರೆ ಮೂವತ್ತು ಚಿಲ್ಲರೆ ಏಟಿಗೇ ಮುಗಿದುಹೋಗುತ್ತದೆ. ನಮ್ಮ ಹುಡುಗರು ಹೆಚ್ಚು ಆಡುವ ಬಿಜಿಎಂಐನಲ್ಲಿ ಬಂದೂಕು ಸವೆಯುವುದಿಲ್ಲ. ಆದರೆ ಗುಂಡು ಬಿದ್ದಂತೆಲ್ಲ ಹೆಲ್ಮೆಟ್ ಸವೆದು ಕೊನೆಗೆ ಒಡೆಯುತ್ತದೆ.

ಇದು ನಮಗೆ ಹೊಸದೇನಲ್ಲ

ಬುಗುರಿ ಆಡಿದವರಿಗೆ ಇದು ಗೊತ್ತು. ಸೋತವನ ಬುಗುರಿಯನ್ನು ನೆಲದ ಮೇಲಿಟ್ಟು ಉಳಿದವರು ತಮ್ಮ ಬುಗುರಿಯ ಮೊಳೆಯಿಂದ ಗುನ್ನ ಹೊಡೆಯುತ್ತಾರೆ. ಏಟು ಜೋರಾಗಿ ಬಿದ್ದರೆ ಬುಗುರಿ ಸೀಳಿಯೇ ಹೋಗುತ್ತದೆ. ಆ ಭಯ ಇಲ್ಲದಿದ್ದರೆ ಆಟಕ್ಕೆ ಅಷ್ಟು ಬಿಸಿ ಇರುತ್ತಿತ್ತೇ?

ಕ್ರಿಕೆಟ್ ಚೆಂಡನ್ನೇ ನೋಡಿ. ಮೈಸೂರಿನವರೇ ಆದ ಜಾವಗಲ್ ಶ್ರೀನಾಥ್ ಅವರಂಥ ವೇಗಿಗಳಿಗೆ ಹೊಳೆಯುವ ಹೊಸ ಚೆಂಡು ಒಂದು ಆಯುಧವಾದರೆ, ಸವೆದ ಹಳೆ ಚೆಂಡು ಇನ್ನೊಂದು. ಟೆಸ್ಟ್‌ನಲ್ಲಿ 80 ಓವರ್ ಆದ ಮೇಲೆ ಹೊಸ ಚೆಂಡು ಸಿಗುತ್ತದೆ. ಅದನ್ನು ಕೂಡಲೇ ತೆಗೆದುಕೊಳ್ಳಬೇಕೋ, ಸ್ಪಿನ್ನರ್‌ಗಾಗಿ ಹಳೆಯದನ್ನೇ ಇಟ್ಟುಕೊಳ್ಳಬೇಕೋ ಎಂಬುದು ನಾಯಕನ ತೀರ್ಮಾನ.

ಏಕದಿನ ಪಂದ್ಯಗಳಲ್ಲಿ 2011ರ ಅಕ್ಟೋಬರ್‌ನಿಂದ ಎರಡೂ ತುದಿಯಿಂದ ಒಂದೊಂದು ಹೊಸ ಚೆಂಡು ಬಂತು. ಯಾವ ಚೆಂಡೂ 25 ಓವರ್‌ಗಿಂತ ಹಳೆಯದಾಗದ ಕಾರಣ ರಿವರ್ಸ್ ಸ್ವಿಂಗ್ ಅಪರೂಪವಾಯಿತು. 2025ರಲ್ಲಿ ಐಸಿಸಿ ನಿಯಮ ಬದಲಿಸಿತು. ಈಗ 34 ಓವರ್ ಆದ ಮೇಲೆ ಉಳಿದ 16 ಓವರ್‌ಗಳನ್ನು ಎರಡರಲ್ಲಿ ಒಂದೇ ಚೆಂಡಿನಿಂದ ಎಸೆಯಬೇಕು. ಅಂದರೆ ಸವೆತವನ್ನು ಆಟಕ್ಕೆ ಬೇಕೆಂದೇ ಮತ್ತೆ ತಂದರು.

ಯಾವಾಗ ಮಜಾ?

ಸವೆತ ಆಡುವವನ ಮುಂದೆ ಒಂದು ಆಯ್ಕೆ ಇಟ್ಟಾಗ ಆಟ ರಂಗೇರುತ್ತದೆ. ಚಿನ್ನದ ಪಿಕಾಸಿಯ ವೇಗ ಬೇಕೋ, ಕಬ್ಬಿಣದ ಬಾಳಿಕೆ ಬೇಕೋ? ವಜ್ರದ ಪಿಕಾಸಿಯನ್ನು ಇಲ್ಲೇ ಬಳಸಲೋ, ಮುಂದಕ್ಕೆ ಇಡಲೋ?

ನಿಂಟೆಂಡೊ 2017ರಲ್ಲಿ ತಂದ 'ಜೆಲ್ಡಾ: ಬ್ರೆತ್ ಆಫ್ ದ ವೈಲ್ಡ್' ಆಟದಲ್ಲಿ ಕತ್ತಿಗಳು ಬಲುಬೇಗ ಮುರಿಯುತ್ತವೆ. ಹೀಗಾಗಿ ಆಡುವವರು ಒಂದೇ ಕತ್ತಿಗೆ ಅಂಟಿಕೊಳ್ಳದೆ ದೊಣ್ಣೆ, ಭರ್ಜಿ, ಬಾಂಬು ಎಂದು ಸಿಕ್ಕಿದ್ದನ್ನೆಲ್ಲ ಬಳಸಿ ನೋಡುತ್ತಾರೆ. 2023ರ ಮುಂದಿನ ಭಾಗದಲ್ಲಿ ಮುರುಕಲು ಕತ್ತಿಗೆ ಕಲ್ಲೋ ಕೊಂಬೋ ಅಂಟಿಸಿ ಹೊಸ ಆಯುಧ ಮಾಡಿಕೊಳ್ಳಬಹುದು. ಅಲ್ಲಿ ಸವೆತವೇ ಪ್ರಯೋಗಕ್ಕೆ ದಾರಿ.

ಯಾವಾಗ ಬೇಜಾರು?

ಅದೇ ಜೆಲ್ಡಾ ಆಟವನ್ನು ಬೈಯುವವರೂ ಬಹಳ. ಕಾರಣ ನಮ್ಮ ಮನಸ್ಸಿನಲ್ಲೇ ಇದೆ. ಸಿಕ್ಕಿದ್ದರ ಖುಷಿಗಿಂತ ಕಳೆದುಕೊಂಡದ್ದರ ನೋವು ಹೆಚ್ಚು ಎಂದು ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್ಸ್ಕಿ 1979ರಲ್ಲೇ ವಿವರಿಸಿದ್ದರು. ನೆಂಟರು ಬಂದಾಗ ಬಳಸೋಣ ಎಂದು ಪಿಂಗಾಣಿ ಕಪ್ಪುಗಳನ್ನು ಷೋಕೇಸ್‌ನಲ್ಲೇ ಇಡುತ್ತೇವಲ್ಲ, ಹಾಗೆಯೇ ಒಳ್ಳೆಯ ಕತ್ತಿಯನ್ನು ಚೀಲದಲ್ಲೇ ಇಟ್ಟು ಆಟ ಮುಗಿಸುವವರಿದ್ದಾರೆ.

ಇನ್ನೊಂದು ಬೇಜಾರು ಬರೀ ಬಿಲ್ಲು ಕಟ್ಟುವುದು. ಕಮ್ಮಾರನ ಹತ್ತಿರ ಹೋಗು, ಆಟದ ನಾಣ್ಯ ಕೊಡು, ಬಾ. ಇದರಲ್ಲಿ ಯೋಚಿಸಲು ಏನೂ ಇಲ್ಲ. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'ನಂಥ ಸಾವಿರಾರು ಜನ ಒಟ್ಟಿಗೆ ಆಡುವ ಆಟಗಳಲ್ಲಿ ಇದಕ್ಕೊಂದು ಕಾರಣವಿದೆ. ನಾಣ್ಯಗಳು ಹುಟ್ಟುತ್ತಲೇ ಇದ್ದು ಖರ್ಚಾಗದಿದ್ದರೆ ಆಟದೊಳಗೂ ಬೆಲೆ ಏರಿಕೆ ಆಗುತ್ತದೆ. ಒಬ್ಬನೇ ಆಡುವ ಆಟಕ್ಕೆ ಆ ಕಾರಣವೂ ಇಲ್ಲ. 2006ರ 'ಒಬ್ಲಿವಿಯನ್'ನಲ್ಲಿದ್ದ ರಿಪೇರಿ ಸುತ್ತಿಗೆಯನ್ನು 2011ರ 'ಸ್ಕೈರಿಮ್' ಕೈಬಿಟ್ಟಿತು. 'ಡಾರ್ಕ್ ಸೋಲ್ಸ್' ಆಟದಲ್ಲಿದ್ದ ಸವೆತ ಅದೇ ತಂಡದ 2022ರ 'ಎಲ್ಡನ್ ರಿಂಗ್'ನಲ್ಲಿ ಇಲ್ಲ. ಎರಡೂ ಆಟಗಳು ಕೋಟಿಗಟ್ಟಲೆ ಮಾರಾಟವಾದವು.

ಹಾಗಾದರೆ ತಾತ ಹೇಳಿದ್ದು ನಿಜವೇ?

ಅರ್ಧ ನಿಜ. ಮೈನ್‌ಕ್ರಾಫ್ಟ್ ಅನ್ನು ಒಮ್ಮೆ ಕೊಂಡ ಮೇಲೆ ಪಿಕಾಸಿ ಎಷ್ಟು ಸಲ ಮುರಿದರೂ ಆಟದೊಳಗೇ ಅಗೆದು ಹೊಸದು ಮಾಡಿಕೊಳ್ಳಬಹುದು. ನಮ್ಮ ಜೇಬಿನಿಂದ ಒಂದು ಪೈಸೆಯೂ ಹೋಗದು. ಜೆಲ್ಡಾ ಕೂಡ ಹಾಗೆಯೇ.

ಆದರೆ 'ಫಾಲೌಟ್ 76' ಆಟದ ಕತೆ ಬೇರೆ. 2019ರಲ್ಲಿ ಅದರ ಅಂಗಡಿಗೆ ರಿಪೇರಿ ಕಿಟ್ ಬಂತು. ಅದಕ್ಕೆ ಬೇಕಾದ ಆಟದ ನಾಣ್ಯವನ್ನು ಆಡಿಯೂ ಗಳಿಸಬಹುದಿತ್ತು, ನಿಜವಾದ ಹಣ ಕೊಟ್ಟೂ ಕೊಳ್ಳಬಹುದಿತ್ತು. ಅಂಗಡಿಯಲ್ಲಿ ಬರೀ ಅಲಂಕಾರದ ವಸ್ತುಗಳಿರುತ್ತವೆ ಎಂದು ನಂಬಿದ್ದ ಆಟಗಾರರು ಸಿಟ್ಟಾದರು. ಆಯುಧವನ್ನು ಸವೆಸುವವರೂ ಅವರೇ, ರಿಪೇರಿ ಮಾರುವವರೂ ಅವರೇ ಆದರೆ ಬೇಗ ಸವೆಯಲಿ ಎಂಬ ಆಸೆ ಅವರಿಗೆ ಹುಟ್ಟುವುದು ಸಹಜ.

ಮನೆಯಲ್ಲಿ ಕೇಳಬೇಕಾದ ಮೂರು ಪ್ರಶ್ನೆ

1. ಮುರಿದದ್ದನ್ನು ಆಡಿಯೇ ಸರಿಮಾಡಬಹುದೇ, ಅಥವಾ ದುಡ್ಡು ಕೊಟ್ಟರೆ ಮಾತ್ರವೇ?
2. ಮುರಿದ ಮೇಲೆ ಹೊಸ ದಾರಿ ಹುಡುಕಬೇಕಾಗುತ್ತದೆಯೇ, ಅಥವಾ ಬರೀ ಗಂಟೆಗಟ್ಟಲೆ ಕಾಯಬೇಕೇ?
3. ಕಾಯುವಾಗ 'ಈಗಲೇ ಕೊಳ್ಳಿ' ಎಂಬ ಬಟನ್ ಎದುರಿಗೆ ಬರುತ್ತದೆಯೇ?

ಮೂರನೆಯದಕ್ಕೆ ಉತ್ತರ ಹೌದು ಎಂದಾದರೆ ಎಚ್ಚರ. ಮಕ್ಕಳ ಕೈಗೆ ಕೊಡುವ ಫೋನಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿಕೊಳ್ಳಿ. ಯುಪಿಐ ಪಿನ್ ಮಕ್ಕಳಿಗೆ ಹೇಳಬೇಡಿ.

ಕತ್ತಿ ಮುರಿದಾಗ ಮಗು "ಈಗೇನು ಮಾಡಲಿ?" ಎಂದು ಯೋಚಿಸಿದರೆ ಅದು ಆಟ. "ಅಪ್ಪಾ, ಐವತ್ತು ರೂಪಾಯಿ ಕೊಡು" ಎಂದರೆ ಅದು ವ್ಯಾಪಾರ. ಎಲ್ಲ ಗೇಮ್‌ಗಳೂ ಮೋಸ ಎಂಬ ಸಂದೇಶ ಮುಂದಿನ ಸಲ ನಿಮ್ಮ ಗ್ರೂಪಿಗೆ ಬಂದರೆ, ಈ ಮೂರು ಪ್ರಶ್ನೆಗಳನ್ನೂ ಜೊತೆಗೆ ಕಳಿಸಿ.