ಕಿರುಬೆರಳಿನ ಜೋಮು ಡಿಸೆಂಬರ್‌ವರೆಗೆ ಕಾಯಬೇಕೇ?



"ಊರಿಗೆ ಹೋದಾಗ ತೋರಿಸಿದರಾಯಿತು" ಎಂಬ ನಮ್ಮವರ ಮಾತು ಕನ್ನಡಕಕ್ಕೆ ನಡೆದೀತು, ಕಿರುಬೆರಳಿನ ಜೋಮಿಗೆ ನಡೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊಣಕೈ ಮೇಜಿಗೆ ತಗುಲಿದಾಗ ಕರೆಂಟ್ ಹೊಡೆದಂತಾಗುತ್ತದಲ್ಲ, ಅಲ್ಲೇ ಚರ್ಮದ ಕೆಳಗೆ ಹಾದುಹೋಗುವುದು ಅಲ್ನರ್ ನರ. ಕೈ ಮಡಿಸಿದಷ್ಟೂ ಅದು ಎಳೆದುಕೊಳ್ಳುತ್ತದೆ. ಕಾರಿನ ಬಾಗಿಲಿಗೆ ಮೊಣಕೈ ಊರುವುದು, ಅಮ್ಮನೊಡನೆ ಗಂಟೆಗಟ್ಟಲೆ ಫೋನ್ ಹಿಡಿದು ಮಾತಾಡುವುದು, ಕೈ ಮಡಚಿ ಮಲಗುವುದು, ಎಲ್ಲವೂ ಅದಕ್ಕೆ ಹಿಂಸೆಯೇ. ಜೋಮು ಕಿರುಬೆರಳಿಗೆ ಮತ್ತು ಉಂಗುರದ ಬೆರಳಿನ ಅರ್ಧಕ್ಕೆ. ಹೆಬ್ಬೆರಳ ಕಡೆಗಾದರೆ ಸಾಮಾನ್ಯವಾಗಿ ಮಣಿಕಟ್ಟಿನ ಕಾರ್ಪಲ್ ಟನಲ್, ಅದು ಬೇರೆ ಕಥೆ.

ನನಗೂ ಬಂದಿತ್ತು. ನರ್ವ್ ಕಂಡಕ್ಷನ್ ಟೆಸ್ಟ್ ಆಯಿತು. ರಾತ್ರಿ ಮೊಣಕೈ ಮಡಚದಂತೆ ಟವೆಲ್ ಸುತ್ತಿಕೊಂಡು ಮಲಗಿದೆ (ಮನೆಯವರಿಗೆಲ್ಲ ನಗು!), ಫೋನಿಗೆ ಹೆಡ್‌ಸೆಟ್ ಹಾಕಿದೆ. ಮೂರು ತಿಂಗಳಲ್ಲಿ ಇಳಿಯಿತು. ಆದ್ದರಿಂದ ಆಪರೇಷನ್ನಿಗೆ ಅವಸರ ಬೇಡ ಎನ್ನುತ್ತೇನೆ.

ಆದರೆ ಹೆಬ್ಬೆರಳು, ತೋರುಬೆರಳುಗಳ ನಡುವಿನ ಮಾಂಸ ಇಳಿಯತೊಡಗಿದರೆ, ಬೀಗದ ಕೈ ತಿರುಗಿಸಲು ಕಷ್ಟವಾದರೆ ತಡಮಾಡಲೇಬೇಡಿ. ಒಣಗಿದ ಸ್ನಾಯು ಆಪರೇಷನ್ ಆದಮೇಲೂ ಪೂರ್ತಿ ಮರಳದಿರಬಹುದು. ನರವನ್ನು ಇದ್ದಲ್ಲೇ ಸಡಿಲಿಸುತ್ತೀರೋ, ಮುಂದಕ್ಕೆ ಸರಿಸುತ್ತೀರೋ ಎಂದು ಸರ್ಜನ್ನರನ್ನು ಕೇಳಿ. ಸಾಮಾನ್ಯ ಕೇಸುಗಳಲ್ಲಿ ಎರಡರ ಫಲವೂ ಹೆಚ್ಚುಕಡಿಮೆ ಒಂದೇ. ಸರಿಸಿದರೆ ಗಾಯದ ಸೋಂಕು ತುಸು ಹೆಚ್ಚು.

ಇಲ್ಲಿಗೆ ಬಂದಿರುವ ಅಪ್ಪ-ಅಮ್ಮನಿಗೆ ಸಕ್ಕರೆ ಕಾಯಿಲೆಯಿದ್ದರೆ ಅವರ ಬೆರಳನ್ನೂ ವಿಚಾರಿಸಿ. ಅವರು ಎಲ್ಲ ಜೋಮನ್ನೂ ಶುಗರ್ ತಲೆಗೇ ಕಟ್ಟುತ್ತಾರೆ.