ಇಂಗಿನ ಡಬ್ಬಿ ಓದಿದ್ದೀರಾ?

ಹೋಟೆಲ್ ಬಂಧುಗಳೇ,

ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯವರು ರಾತ್ರಿ ಊಟಕ್ಕೆ ನಮ್ಮಲ್ಲಿಂದ ಇಡ್ಲಿ ಸಾಂಬಾರ್ ಪಾರ್ಸೆಲ್ ಒಯ್ಯುವುದು ಹೊಸತಲ್ಲ. ಈಗ ಅವರು 'ಗ್ಲುಟೆನ್ ಫ್ರೀ ತಾನೆ?' ಎಂದು ಕೇಳುತ್ತಾರೆ. ನಾವು ಗಲ್ಲಾದಲ್ಲಿ ಕೂತಲ್ಲಿಂದಲೇ 'ಎಲ್ಲ ಅಕ್ಕಿ ಉದ್ದು, ಗೋಧಿ ಇಲ್ಲ' ಎಂದುಬಿಡುತ್ತೇವೆ. ಇದು ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ಗ್ಲುಟೆನ್ ಎಂದರೆ ಗೋಧಿ, ಬಾರ್ಲಿಯಲ್ಲಿರುವ ಅಂಟಿನ ಅಂಶ. ಕೆಲವರಿಗೆ ಇದು ಫ್ಯಾಷನ್ ಪಥ್ಯ ಇರಬಹುದು. ಆದರೆ ಸೀಲಿಯಾಕ್ ಕಾಯಿಲೆ ಇದ್ದವರಿಗೆ ಚೂರು ಗೋಧಿಯೂ ಕರುಳು ಕೆಡಿಸುತ್ತದೆ. ಎಫ್‌ಎಸ್‌ಎಸ್‌ಎಐ ಲೆಕ್ಕದಲ್ಲಿ ಗ್ಲುಟೆನ್ ಫ್ರೀ ಎನ್ನಲು ಒಂದು ಕಿಲೋ ಪದಾರ್ಥದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು.

ಅಕ್ಕಿ ಇಡ್ಲಿಯಲ್ಲಿ ತೊಂದರೆ ಇಲ್ಲ, ಸಾಂಬಾರಿನಲ್ಲಿದೆ. ಪುಡಿ ಇಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಡಬ್ಬಿಯ ಮೇಲೇ ಬರೆದಿರುತ್ತದೆ, ನಾವು ಓದುವುದಿಲ್ಲ. ಪಾವ್ ಬಿಸಿ ಮಾಡಿದ ಕಾವಲಿಯಲ್ಲೇ ಸಾದಾ ದೋಸೆ. ಪೂರಿ, ಗೋಳಿಬಜೆ ಕರಿದ ಎಣ್ಣೆಯಲ್ಲೇ ಉದ್ದಿನ ವಡೆ.

ಪರಿಹಾರಕ್ಕೆ ದೊಡ್ಡ ಖರ್ಚಿಲ್ಲ. ಅಕ್ಕಿ ಹಿಟ್ಟು ಬೆರೆಸಿದ ಇಂಗು ಸಿಗುತ್ತದೆ, ತರಿಸಿ. ಒಂದು ಕಾವಲಿ, ಒಂದು ಬಾಣಲೆ ಬೇರೆ ಇಡಿ. ಅಷ್ಟು ಆಗದಿದ್ದರೆ 'ಇಡ್ಲಿಗೆ ಇಂಗಿಲ್ಲದ ಚಟ್ನಿ ಕೊಡುತ್ತೇವೆ, ಸಾಂಬಾರ್ ಬೇಡ' ಎಂದು ಹೇಳಲು ವೇಟರ್‌ಗೆ ಕಲಿಸಿ. ಪೇಲಿಯೋ ಕೇಳುವವರಿಗೆ ಅಕ್ಕಿ, ಬೇಳೆ ಎರಡೂ ವರ್ಜ್ಯ. 'ನಮ್ಮಲ್ಲಿಲ್ಲ' ಎಂದರೆ ಹೋಟೆಲಿನ ಮರ್ಯಾದೆ ಹೋಗುವುದಿಲ್ಲ.

ನಮ್ಮ ಮಾತು ನಂಬಿ ತಾಯಿ ಮಗುವಿಗೆ ತಿನ್ನಿಸುತ್ತಾಳೆ. ಬೋರ್ಡು ಬರೆಸುವ ಮೊದಲು ಅಡಿಗೆಮನೆ ಒಮ್ಮೆ ಸುತ್ತಿ ಬನ್ನಿ.